ಎರಡು ಮೈಕು, ಒಂದು ಒಗ್ಗರಣೆ

ವಿದ್ಯಾರಣ್ಯಪುರ
16 ನವೆಂಬರ್ 2014

ಪ್ರೀತಿಯ ನಸೀಮಾ,

ಹೇಗಿದ್ದೀಯೇ? ಬರೆಯಲು ತಡವಾಯಿತು, ಬೈಯಬೇಡ. ಬೈಯಲು ನಿನಗೇನು ಬಾಯಿದೆ? ಅಮ್ಮಿಯ ಕಾಲು ಮುರಿಯಿತೆಂದು ಜೂನ್‌ನಲ್ಲಿ ಲ್ಯಾಬ್ ಬಿಟ್ಟು ಓಡಿದವಳು ಫೋನೇ ಎತ್ತುವುದಿಲ್ಲ. ಅದಕ್ಕೇ ನಿಮ್ಮೂರು ಮಾಕಳಿಗೆ ಕಾಗದ. ಪೋಸ್ಟ್‌ಮ್ಯಾನ್ ಬಂದರೆ ಬಾಗಿಲಾದರೂ ತೆಗೆಯಬೇಕಲ್ಲ.

ಶುಕ್ರವಾರ ನಮ್ಮ ರೇಡಿಯೊ ಪರೀಕ್ಷೆ ಆಯಿತು. ಕೆಟ್ಟರೆ ನಮ್ಮಿಬ್ಬರ ಸಂಶೋಧನೆ ಅಲ್ಲಿಗೇ ಮುಗಿಯಿತು ಎಂದು ಗೈಡ್ ನಂದಕುಮಾರ್ ಸರ್ ಮೊದಲೇ ಹೆದರಿಸಿದ್ದರು. ಪರೀಕ್ಷಕರಾಗಿ ಹೊರಗಿನಿಂದ ರಾಮಲಕ್ಷ್ಮಮ್ಮ ಮೇಡಂ ಬಂದಿದ್ದರು. ನಾನು ವಿವರಿಸಿದೆ: "ಟೀವಿಯವ್ರು, ಮೈಕಿನವ್ರು ಬಳಸದೆ ಬಿಟ್ಟಿರೋ ಚಾನೆಲ್‌ನಲ್ಲಿ ನಮ್ಮ ರೇಡಿಯೊ ಮಾತಾಡುತ್ತೆ ಮೇಡಂ. ಚಾನೆಲ್ ಯಜಮಾನ್ರು ಬಂದ ತಕ್ಷಣ ಎದ್ದು ಇನ್ನೊಂದು ಖಾಲಿ ಚಾನೆಲ್‌ಗೆ ಹಾರುತ್ತೆ. ಮಾತು ಮಾತ್ರ ತುಂಡಾಗಲ್ಲ." ಮೇಡಂ "ನೋಡೋಣಮ್ಮ" ಅಂದರು.

ಪಕ್ಕದ ಕೋಣೆಯಿಂದ ಮಾತಾಡಬೇಕಿದ್ದವನು ನಮ್ಮ ಲ್ಯಾಬಿನ ಪುನೀತ್. ಆ ಹೊಟ್ಟೆಬಾಕ ಆರಿಸಿಕೊಂಡ ವಿಷಯ ಬಿಸಿಬೇಳೆಬಾತ್. ಬೇಳೆ ಬೆಂದಿತು, ಹುಳಿ ಬಿತ್ತು, "ಈಗ ಒಗ್ಗರಣೆಗೆ..." ಅಷ್ಟರಲ್ಲಿ ಕೆಳಗೆ ರಾಜ್ಯೋತ್ಸವದ ವೇದಿಕೆಯಲ್ಲಿ ಸೌಂಡ್‌ಸಿಸ್ಟಂ ಮುನಿಯಣ್ಣ ಕಾರ್ಡ್‌ಲೆಸ್ ಮೈಕ್ ಆನ್ ಮಾಡಿದ. "ಅಲೋ, ಮೈಕ್ ಟೆಸ್ಟಿಂಗ್, ಅಲೋ!" ನಮ್ಮ ರೇಡಿಯೊ ಮರ್ಯಾದೆಯಿಂದ ಜಾಗ ಬಿಟ್ಟು, ನಾನು ಕಾದಿರಿಸಿದ್ದ ಪಕ್ಕದ ಚಾನೆಲ್‌ಗೆ ಹಾರಿತು. ಮೈಕು ಜೋಡಿಯಾಗಿ ಬರುತ್ತವೆ, ನಿರೂಪಕಿಗೊಂದು, ಅತಿಥಿಗೊಂದು, ಅನ್ನುವುದು ನನ್ನ ದಡ್ಡ ತಲೆಗೆ ಹೊಳೆದಿರಲೇ ಇಲ್ಲ. ಎರಡನೆಯದು ಅಲ್ಲೇ ಕೂತಿತ್ತು! ರೇಡಿಯೊ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಹಾರಿ ಹಾರಿ ಸುಸ್ತಾಗಿ ಬಾಯಿ ಮುಚ್ಚಿತು.

ಮೇಡಂ ಕೇಳಿದ್ದು ಒಂದೇ: "ಒಗ್ಗರಣೆಗೆ ಏನ್ ಹಾಕ್ಬೇಕು ಅಂತ ಹೇಳ್ಲೇ ಇಲ್ವಲ್ಲಮ್ಮ?"

ನನಗೆ ಅಳುವೇ ಬಂತು ಕಣೇ. ಆಗ ನೀನು ನನ್ನ ಜೊತೆ ಜಗಳವಾಡಿ ಬರೆದಿಟ್ಟಿದ್ದ ಪ್ರೋಗ್ರಾಂ ನೆನಪಾಯಿತು. ಕಾದಿರಿಸುವ ಚಾನೆಲ್ ದೂರದ್ದಾಗಿರಲಿ, ಒಂದಲ್ಲ ಎರಡಿರಲಿ ಎಂದು ನೀನು ಹಟ ಹಿಡಿದಿದ್ದೆ, ನಾನು ನಿನ್ನನ್ನು ಪುಕ್ಕಲಿ ಅಂದಿದ್ದೆ. ಅದನ್ನೇ ಹಾಕಿ ಮತ್ತೆ ಶುರುಮಾಡಿದೆ. ಮುನಿಯಣ್ಣ ಎರಡೂ ಮೈಕಿನಲ್ಲಿ ಗಂಟಲು ಹರಿದುಕೊಂಡ. ಬಿಸಿಬೇಳೆಬಾತ್ ಮಾತ್ರ ತುಪ್ಪ ಬೀಳುವವರೆಗೂ ತುಂಡಾಗದೆ ಬಂತು! ಮೇಡಂ ನಮಗೆ ಇನ್ನೊಂದು ವರ್ಷ ಕೊಟ್ಟರು. ಖುಷಿಗೆ ಪುನೀತನನ್ನೇ ತಬ್ಬಿಕೊಳ್ಳುವುದರಲ್ಲಿದ್ದೆ, ಹೇಗೋ ಮಾನ ಉಳಿಯಿತು.

ಅಮ್ಮಿ ಬೇಗ ಎದ್ದು ಓಡಾಡುವಂತಾಗಲಿ. ನಿಮ್ಮ ಮನೆಯಲ್ಲಿ ಎಲ್ಲರೂ ನಗುನಗುತ್ತಾ ಇರಲಿ.

ನಿನ್ನ,
ಸರಳಾ

ತಾ.ಕ.: ಆ ಪ್ರೋಗ್ರಾಂ ಬರೆದವಳು ನಸೀಮಾ ಎಂದು ಎಲ್ಲರೆದುರು ಹೇಳಿದೆ. "ಎಲ್ಲಿದ್ದಾಳೆ ಅವಳು?" ಅಂದರು ಮೇಡಂ. "ರಜೆಯಲ್ಲಿದ್ದಾಳೆ, ಬರ್ತಾಳೆ" ಅಂದೆ. ಹೊರಗೆ ಬಂದ ಮೇಲೆ ಸರ್ ಹೇಳಿದರು: ಇನ್ನು ಬರುವುದಿಲ್ಲ ಎಂದು ಆಗಸ್ಟ್‌ನಲ್ಲೇ ಅವರಿಗೆ ಹೇಳಿಬಿಟ್ಟಿದ್ದೀಯಂತೆ. ನನಗೊಂದು ಮಾತು ಹೇಳಬಾರದಿತ್ತೇನೇ?