ಮ್ಯಾಲ ಯಾರರ ಅದೀರೇನ್ರಿ?

ಗೊಳಸಂಗಿ
ಸೋಮವಾರ, ೩ ಫೆಬ್ರುವರಿ ೨೦೨೫

ಪ್ರೀತಿಯ ಸುಲ್ತಾನಾ,

ನಿನ್ನ ಪತ್ರ ಸಂಕ್ರಾಂತಿಗೂ ಮೊದಲೇ ಬಂದಿತ್ತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಎಲ್ಲರ ಆರೋಗ್ಯ ಸರಿಯಾಗಿದೆ. ಅತ್ತೆಯ ಮೊಣಕಾಲು ಮೊದಲಿನಷ್ಟೇ ನೋಯುತ್ತದೆ. ಮಾವ ತೊಗರಿ ರಾಶಿ ಮುಗಿಸಿ ನೆಮ್ಮದಿಯಾಗಿದ್ದಾರೆ. ಮಗಳು ಭಾಗ್ಯಜ್ಯೋತಿಗೆ ಬಿದ್ದ ಮುಂದಿನ ಹಲ್ಲುಗಳು ಮತ್ತೆ ಬಂದಿವೆ, ಸ್ವಲ್ಪ ದೊಡ್ಡದಾಗಿಯೇ. ಫೋನು ಯಾಕೆ ಮಾಡುವುದಿಲ್ಲ ಅಂತ ಕೇಳಿದ್ದೀಯ. ಈ ಮನೆಯಲ್ಲಿ ನಾನು ಫೋನಿನಲ್ಲಿ ಮಾತಾಡಿದರೆ ಎಲ್ಲರೂ ಮಾತಾಡಿದ ಹಾಗೆ. "ಯಾರವ್ವ, ಸುಲ್ತಾನಾ ಏನು? ಇತ್ತ ಕೊಡು" ಅಂತ ಅತ್ತೆ ಕೈ ಚಾಚುತ್ತಾರೆ. ಬರೆಯುತ್ತ ಕೂತರೆ ಶಾಲೆಯ ಕೆಲಸ ಅಂದುಕೊಂಡು ಸುಮ್ಮನಿರುತ್ತಾರೆ.

ನೀನು ಕಳಿಸಿದ ಅನುವಾದದ ಕಾದಂಬರಿ ಮುಗಿಸಿದೆ. ಕನ್ನಡ ಚೆನ್ನಾಗಿದೆ, ಒಂದೆರಡು ಕಡೆ ಮಾತ್ರ ಹಿಮಕ್ಕೆ ಶಬ್ದ ಸಿಗದೆ ಅನುವಾದಕರು ಒದ್ದಾಡಿದ್ದಾರೆ. ಅದರಲ್ಲಿಯ ಹೆಂಗಸು ಮನಸ್ಸು ಕೆಟ್ಟಾಗಲೆಲ್ಲ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ. ನಮ್ಮ ಮನೆಯಲ್ಲಿ ಕಿಟಕಿಯ ಹತ್ತಿರ ನಿಂತರೆ "ಏನ ಬೇಕಾಗಿತ್ತವ್ವ?" ಅಂತ ಮೂರು ಕೋಣೆಗಳಿಂದ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ತೊಂದರೆ ಇರುವುದು ಅಲ್ಲಿಯೇ.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ಹೌದು, ನಿನ್ನ ಕಿವಿಗೆ ಬಿದ್ದದ್ದು ನಿಜ.

ನಮ್ಮ ಮನೆಯವರು, ಸಿದ್ದಾರೂಢರು, ದೇವರ ಹಿಪ್ಪರಗಿ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದು ಹೋದದ್ದು ನಿನಗೆ ಗೊತ್ತಿದೆ. ಎರಡನೇ ವರ್ಷದ ಪುಣ್ಯತಿಥಿ ಮುಗಿದ ಸಂಜೆ ಮಾವ ನನ್ನನ್ನು ಕರೆದು ಕೂರಿಸಿಕೊಂಡರು. ಮಾವ, ಅಂದರೆ ರೇವಪ್ಪನವರು, ಎಂದೂ ದನಿ ಎತ್ತಿದವರಲ್ಲ. "ನಮ್ಮ ಅನೀಲನ ಕೂಡ ನಿನ್ನ ಉಡಕಿ ಮಾಡಬೇಕಂತ ಹಿರಿಯಾರು ವಿಚಾರ ಮಾಡೇವವ್ವ. ಶಿವರಾತ್ರಿ ಆಗಲಿ. ಮನಿ ಮಗಳು ಮನ್ಯಾಗ ಉಳದಂಗ ಆಗತೈತಿ" ಅಂದರು.

"ಒಲ್ಲೆ ಅಂದ್ರ?" ಅಂದೆ.

ಸಿಟ್ಟಾಗಲಿಲ್ಲ. "ಒಲ್ಲೆ ಅಂದ್ರ ನಿನ್ನ ಯಾರು ಕಟ್ಟಿ ಹಾಕ್ಯಾರ ತಾಯಿ? ಎಲ್ಲಿ ಬೇಕಲ್ಲಿ ಹೋಗು. ಕೂಸು ನಮ್ಮದು. ಕೂಸು ಇಲ್ಲೇ ಇರತೈತಿ."

ನೀನು ನಮ್ಮ ಉಡಕಿ ನೋಡಿಲ್ಲ. ಗಂಡ ಸತ್ತವಳಿಗೆ ಮಾಡುವ ಮದುವೆ ಅದು. ಹಂದರ ಇಲ್ಲ, ಬಾಜಾ ಇಲ್ಲ, ಹೊಸ ಸೀರೆ ಉಡಿಸಿ ಒಳಗೆ ಕರೆದುಕೊಳ್ಳುತ್ತಾರೆ. ನಿನ್ನ ಮದುವೆಯಲ್ಲಿ ಕಾಜಿಯವರು ನಿನ್ನ ಒಪ್ಪಿಗೆ ಕೇಳಿಸಿದ್ದು, ನೀನು ನಗು ತಡೆದುಕೊಂಡು ತಲೆ ಆಡಿಸಿದ್ದು ನೆನಪಾಯಿತು. ನಮ್ಮ ಈ ಶಬ್ದದಲ್ಲಿ ಉಡಿಸುವವರಿದ್ದಾರೆ. ಉಡುವವಳು ಎಲ್ಲಿದ್ದಾಳೆ ಅಂತ ಬಹಳ ಹುಡುಕಿದೆ.

ಮೈದುನ ಅನೀಲಕುಮಾರ ಕೆಟ್ಟವನಲ್ಲ. ನಾನು ಈ ಮನೆಗೆ ಬಂದಾಗ ಒಂಬತ್ತನೇ ತರಗತಿ. ಅವನ ಇಂಗ್ಲಿಷ್ ಪಾಠ ಓದಿಸಿದವಳು ನಾನು. "ವೈನಿ, ಅಂಗಿ ಎಲ್ಲಿ? ವೈನಿ, ಹಸಿವ್ಯಾಗೇತಿ. ವೈನಿ, ಅಣ್ಣಗ ಹೇಳಬ್ಯಾಡ್ರಿ." ಹದಿಮೂರು ವರ್ಷ ಈ ಮನೆಯಲ್ಲಿ ನನ್ನ ಹೆಸರೇ ವೈನಿ. ಅಣ್ಣನ ಹೆಂಡತಿ ಅನ್ನುವ ಅರ್ಥ ಸವೆದು ಹೋಗಿ, ಅದು ನನ್ನದೇ ಹೆಸರಾಗಿತ್ತು.

ಸಂಕ್ರಾಂತಿಯ ನಂತರದ ಶನಿವಾರ, ಭಾನುವಾರ ನಮ್ಮ ಶಾಲೆಯಿಂದ ಒಂದು ನಡಿಗೆ ಇತ್ತು. ನಿವೃತ್ತರಾದ ಇತಿಹಾಸದ ಶಮಶುದ್ದೀನ ಸರ್ ಪ್ರತಿ ಚಳಿಗಾಲ ಶಿಕ್ಷಕರನ್ನು ಕರೆದುಕೊಂಡು ಹೊರಡುತ್ತಾರೆ: ಮುದ್ದೇಬಿಹಾಳದ ಈಚೆ ಬಸ್ಸಿಳಿದು, ಹಳ್ಳಿಗಳ ಹುಡೆಗಳನ್ನು ನೋಡುತ್ತ, ತಂಗಡಗಿಯ ಹೊಳೆಯ ತನಕ. ಹುಡೆ ಅಂದರೆ ದಂಡು, ದರೋಡೆಕೋರರು ಬಂದಾಗ ಜನ ಏರಿ ಕೂರಲು ಕಟ್ಟಿದ ದುಂಡು ಬುರುಜು. ನಾನೂ ಹೋಗುತ್ತೇನೆ ಅಂದೆ. ಎರಡು ದಿನ ಯಾರೂ ಏನು ಬೇಕು ಅಂತ ಕೇಳದ ಜಾಗ ನನಗೆ ಬೇಕಾಗಿತ್ತು.

"ಹೋಗಲಿ" ಅಂದರು ಅತ್ತೆ, ರುಕ್ಮವ್ವನವರು. "ಅನೀಲನೂ ಜೋಡಿ ಹೋಗಲಿ. ನಾಳೆ ಹ್ಯಾಂಗೂ ಕೂಡಿ ಅಡ್ಡಾಡವರಽ." ಹೊರಡುವಾಗ ಬಾಗಿಲಲ್ಲಿ, ನನ್ನೆದುರಿಗೇ, ಅವನಿಗೆ ಬುದ್ಧಿ ಹೇಳಿದರು: "ಇನ್ನ ವೈನಿ ಪೈನಿ ಅನಬ್ಯಾಡ. ಉಡಕಿ ಆಗಾಕಿಗಿ ವೈನಿ ಅಂದ್ರ ಮಂದಿ ನಗತಾರ."

ಅವನು ನೆಲ ನೋಡಿದ. ಅಂದಿನಿಂದ ಅನ್ನಲಿಲ್ಲ. ಬೇರೆ ಏನಂತಲೂ ಕರೆಯಲಿಲ್ಲ. ನೀರಿನ ಬಾಟಲಿ ಕೊಡಬೇಕಾದರೆ ಬಾಟಲಿಯನ್ನೇ ನನ್ನ ಮುಂದೆ ಹಿಡಿಯುತ್ತಿದ್ದ. ದಾರಿ ತಪ್ಪಿದರೆ ಕೆಮ್ಮುತ್ತಿದ್ದ. ಚಿತ್ರಕಲೆಯ ಭೀಮಶ್ಯಾ ಸರ್ ಅವನಿಗೆ ಕೆಮ್ಮಿನ ಗುಳಿಗೆ ಕೊಟ್ಟರು.

ಎರೆಹೊಲದಲ್ಲಿ ಬಿಳಿಜೋಳ ತೆನೆ ಕಟ್ಟಿ ಆಳೆತ್ತರ ನಿಂತಿತ್ತು. ನಡುವೆ ಕಾಲುದಾರಿ, ಎರಡೂ ಕಡೆ ಏನೂ ಕಾಣದು. ಶಮಶುದ್ದೀನ ಸರ್ ಮುಂದೆ ಕೊಡೆಯನ್ನು ಕೋಲು ಮಾಡಿಕೊಂಡು ನಡೆಯುತ್ತ, "ರಾಯರ ದಂಡು ಸೋತ ಆ ದೊಡ್ಡ ಕಾಳಗ ತಮ್ಮ ಹೊಲದಾಗಽ ಆತು ಅಂತ ಹೊಳಿ ದಂಡಿ ಊರವರೆಲ್ಲ ಹೇಳ್ತಾರ. ನಾಕ ನೂರಾ ಐವತ್ತು ವರ್ಷದ ಮ್ಯಾಲಾತು, ಒಬ್ಬರೂ ಬಾಜೂ ಹೊಲಕ್ಕ ಬಿಟ್ಟಕೊಡವಲ್ರು" ಅಂದರು. ಎಲ್ಲರೂ ನಕ್ಕರು, ಅನೀಲನೂ ನಕ್ಕ. ನಕ್ಕವನು ಅಭ್ಯಾಸದಿಂದ ನನ್ನ ಕಡೆ ತಿರುಗಿ, ಕೂಡಲೇ ಜೋಳದ ಕಡೆ ನೋಡಿದ.

ಮಧ್ಯಾಹ್ನ ಮುಟ್ಟಿದ ಹಳ್ಳಿಯ ಹುಡೆ ಗಟ್ಟಿಯಾಗಿಯೇ ಇತ್ತು. ಅದಕ್ಕೆ ಮೆಟ್ಟಿಲಿಲ್ಲ. ಬಾಗಿಲು ನೆಲದಿಂದ ಎರಡಾಳೆತ್ತರದಲ್ಲಿದೆ. ಪಕ್ಕದ ಗುಡಿಗೆ ಬಣ್ಣ ಬಳಿಯುತ್ತಿದ್ದವನ ಬಿದಿರಿನ ನಿಚ್ಚಣಿಕೆ ಗೋಡೆಗೆ ಆನಿಸಿತ್ತು. ದಂಡು ಬರುವ ಸುದ್ದಿ ಬಂದರೆ ಹೆಂಗಸರು, ಮಕ್ಕಳು, ಕಾಳುಕಡಿ ಎಲ್ಲ ಮೇಲೆ ಹೋಗುತ್ತಿದ್ದರು, ಆಮೇಲೆ ನಿಚ್ಚಣಿಕೆ ತೆಗೆಯುತ್ತಿದ್ದರು ಅಂತ ಸರ್ ವಿವರಿಸಿದರು.

"ಯಾರು ತಗೀತಿದ್ರು ಸರ್?" ಅಂತ ಕೇಳಿದೆ. "ಮ್ಯಾಲಿನವರೋ, ಕೆಳಗಿನವರೋ?"

"ಕೆಳಗಿನವರಽ. ಮನಿ ಗಂಡಸರು. ವೈರಿ ಕೈಗೆ ಸಿಗಬಾರದಂತ ಒಯ್ದು ಬಾವ್ಯಾಗ ಒಗೀತಿದ್ರಂತ."

"ಅವರು ತಿರುಗಿ ಬರಲಿಲ್ಲ ಅಂದ್ರ?"

ಸರ್ ಕೊಡೆಯ ತುದಿಯಿಂದ ಮಣ್ಣು ಕೆದರಿದರು. "ಅದನ್ನ ಯಾರೂ ಬರದಿಟ್ಟಿಲ್ಲವ್ವ. ಬರಿಯವರೆಲ್ಲ ಕೆಳಗಿದ್ರು."

ಅಷ್ಟರಲ್ಲಿ ಪಕ್ಕದ ಹೊಲದವರು ಎಳೆ ಜೋಳ ಸುಟ್ಟು ಕರೆದರು. "ಇತಿಹಾಸ ಎಲ್ಲಿ ಹೋಗತೈತ್ರಿ, ಸೀತನಿ ಆರತಾವು!" ಅಂತ ಭೀಮಶ್ಯಾ ಸರ್ ಎಲ್ಲರನ್ನೂ ಹೊರಡಿಸಿದರು. ನಾನು ಹಿಂದೆ ಉಳಿದು, ಚಪ್ಪಲಿ ಕೆಳಗೆ ಬಿಟ್ಟು, ನಿಚ್ಚಣಿಕೆ ಏರಿದೆ.

ಮೇಲೆ ಒಂದು ಸಣ್ಣ ದುಂಡು ಕೋಣೆ, ಪಾರಿವಾಳದ ಪುಕ್ಕ, ತಣ್ಣನೆಯ ಕಲ್ಲು. ಗೋಡೆಯ ತುಂಬ ಬಂದೂಕು ಇಡುವ ಕಂಡಿಗಳು, ಒಳಗೆ ಅಗಲ, ಹೊರಗೆ ಕಿರಿದು. ಒಳಗಿನವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಏನೂ ಕಾಣುವುದಿಲ್ಲ. ಒಂದರ ಮುಂದೆ ಕೂತೆ. ನಿಜ ಹೇಳುತ್ತೇನೆ, ಬಹಳ ಹಗುರವೆನಿಸಿತು. ಕೆಳಗೆ ಬಣ್ಣದವನು ಬಂದು, ಹಾಡು ಗುನುಗುತ್ತ, ತನ್ನ ನಿಚ್ಚಣಿಕೆ ಹೆಗಲ ಮೇಲೆ ಹೊತ್ತು ಹೋಗುವುದನ್ನು ನೋಡಿದೆ. ಕೂಗಿದ್ದರೆ ನಿಲ್ಲುತ್ತಿದ್ದ. ಕೂಗಲಿಲ್ಲ.

ಸ್ವಲ್ಪ ಹೊತ್ತಿಗೆ ಅನೀಲ ಹುಡುಕುತ್ತ ಬಂದ. ಕೈಯಲ್ಲಿ ನನ್ನ ಪಾಲಿನ ಸೀತನಿ, ಎಲೆಯಲ್ಲಿ ಕಟ್ಟಿದ್ದು. ನನ್ನ ಚಪ್ಪಲಿ ಕಂಡ. ಬಾಗಿಲು ಕಂಡ. ನಾನು ಮೇಲಿದ್ದೇನೆ ಅಂತ ಅವನಿಗೆ ತಿಳಿಯಿತು, ಅದು ಮುಖದಲ್ಲೇ ಕಂಡಿತು. ಕತ್ತೆತ್ತಿ "ವೈ—" ಅಂದು ಬಾಯಿ ಮುಚ್ಚಿದ. ಮತ್ತೆ ತೆರೆದ. ವಿಜಯಲಕ್ಷ್ಮಿ ಅನ್ನುವುದು ಅವನ ಬಾಯಲ್ಲಿ ಬರುವಂಥದ್ದಲ್ಲ. ಕೊನೆಗೆ, ಅಪರಿಚಿತರ ಮನೆ ಬಾಗಿಲಲ್ಲಿ ನಿಂತವನ ಹಾಗೆ ಕೂಗಿದ:

"ಮ್ಯಾಲ ಯಾರರ ಅದೀರೇನ್ರಿ?"

ಸುಲ್ತಾನಾ, ನಾನು ಓಗೊಡಲಿಲ್ಲ. ಹಟದಿಂದಲ್ಲ. ಇದ್ದೇನೆ ಅನ್ನಲು, ಇರುವವಳು ಯಾರು ಅಂತ ನನಗೂ ಒಮ್ಮೆಲೇ ಹೊಳೆಯಲಿಲ್ಲ. ಅವನು ಇನ್ನೊಮ್ಮೆ ಕೂಗಿದ, ಅದೇ ಮಾತು. ಆಮೇಲೆ ಬಗ್ಗಿ ನನ್ನ ಚಪ್ಪಲಿಗಳ ಧೂಳು ಝಾಡಿಸಿ, ಬಿಸಿಲಿನಿಂದ ಸರಿಸಿ, ನೆರಳಿಗೆ ಜೋಡಿಸಿಟ್ಟು, ನಿಚ್ಚಣಿಕೆ ತರಲು ಓಡಿದ.

ಇಳಿಯುವಾಗ ನಿಚ್ಚಣಿಕೆ ಹಿಡಿದುಕೊಂಡು ಆಚೆ ಮುಖ ಮಾಡಿ ನಿಂತಿದ್ದ. "ಕರಿಯಾಕ ಹೆಸರಿಲ್ಲದಾಕಿನ್ನ ಮನಿ ತುಂಬಿಸಿಕೊಂಡು ಏನ ಮಾಡ್ತಿಯೋ ಅನೀಲ?" ಅಂದೆ.

"ಅವ್ವ ಬ್ಯಾಡ ಅಂದಾಳ್ರಿ."

"ನಿನ್ನ ಮನಸ್ಸಿನ್ಯಾಗ ಏನೈತಿ?"

"ನನ್ನ ಯಾರು ಕೇಳ್ಯಾರ್ರಿ? ನಿಮ್ಮನ್ನರ ಕೇಳಿದ್ರು." ಆಚೆ ನೋಡುತ್ತಲೇ ಸೀತನಿಯ ಪೊಟ್ಟಣ ಚಾಚಿದ. "ನೀವು ಒಲ್ಲೆ ಅಂದ್ರ ಕೂಸಿನ ಕಸಗೋತಾರ. ನಾ ಒಲ್ಲೆ ಅಂದ್ರ ಅಪ್ಪ ನಾಕು ದಿನ ಮಾತು ಬಿಡ್ತಾನ, ಅಷ್ಟಽ. ನಾ ಹೇಳ್ತೇನ್ರಿ. ಕೂಸಿನ್ನೂ ನಿಮ್ಮ ಕೂಡ ಕಳಸ್ರಿ ಅಂತೇನಿ."

ಮರುದಿನ ತಂಗಡಗಿಯಲ್ಲಿ ಅಣೆಕಟ್ಟಿನ ಹಿನ್ನೀರಿನಿಂದ ಹೊಳೆ ತುಂಬಿ ನಿಂತಿತ್ತು. ಅದೇ ದಂಡೆಯಲ್ಲಿ ಎಷ್ಟು ಜನ ಸತ್ತರೆಂದು ಸರ್ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಅನೀಲ ಪಕ್ಕ ಬಂದು ಬಾಟಲಿ ಚಾಚಿ, ಮೆಲ್ಲಗೆ, "ವೈನಿ, ನೀರು" ಅಂದ. ಗಟಗಟ ಕುಡಿದೆ.

ಆದ್ದರಿಂದ, ನಿನ್ನ ಮನೆಯ ಮೇಲಿನ ರೂಮು ಬೇರೆ ಯಾರಿಗೂ ಕೊಡಬೇಡ. ನಿಮ್ಮ ಶಾಲೆಯಲ್ಲಿ ಖಾಲಿ ಇದೆ ಅಂತ ನೀನು ಬರೆದಿದ್ದ ಕೆಲಸದ ವಿಷಯವನ್ನೂ ಹಾಗೇ ಇಟ್ಟಿರು. ಸಿಂದಗಿಯಲ್ಲಿ ಬಸ್ಸು ಬದಲಿಸಿದರೆ ಸಂಜೆಗೆ ಕಲಬುರಗಿ, ನಾನು ಮತ್ತು ಭಾಗ್ಯಜ್ಯೋತಿ, ನಾವಿಬ್ಬರೂ ಬರುತ್ತೇವೆ. ಅನೀಲ ಇನ್ನೂ ಹೇಳಿಲ್ಲ. ಮಾವ ಸಂತೆಯಿಂದ ಬರಲಿ ಅಂದ, ಆಮೇಲೆ ರಾಶಿ ಮುಗಿಯಲಿ ಅಂದ. ಪ್ರತಿದಿನ ಸಂಜೆ ಪಡಸಾಲೆಯಲ್ಲಿ ಅವರು ಮಾತಿಗೆ ಕೂತಾಗ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತೇನೆ. ಹೇಳುತ್ತಾನೆ. ಚಪ್ಪಲಿಯನ್ನು ನೆರಳಿಗೆ ಇಟ್ಟವನು ಹೇಳದೆ ಇರಲಾರ.

ಜೈತುನಬಿ ಅಮ್ಮನಿಗೆ ನನ್ನ ಸಲಾಮು ಹೇಳು. ಯುನೂಸನ ಪರೀಕ್ಷೆ ಹತ್ತಿರ ಬಂತಲ್ಲ, ಅವನಿಗೆ ಒಳ್ಳೆಯದಾಗಲಿ, ನಿನ್ನ ಮನೆ ತಣ್ಣಗಿರಲಿ. ನಾಳೆ ಶಾಲೆಗೆ ಹೋಗುವ ದಾರಿಯಲ್ಲಿ ಇದನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ.

ಎಂದಿನಂತೆ ನಿನ್ನವಳೇ ಆದ
ವಿಜಯಲಕ್ಷ್ಮಿ

ತಾ.ಕ. ಮಂಗಳವಾರ, ಬೆಳಿಗ್ಗೆ. ಲಕೋಟೆ ಅಂಟಿಸಿರಲಿಲ್ಲ, ಹಾಗಾಗಿ ಇಷ್ಟು ಸೇರಿಸುತ್ತಿದ್ದೇನೆ. ಈಗ ಮಗಳ ಜಡೆ ಹಾಕುತ್ತಿದ್ದೆ. ಅನೀಲ ಅಂಗಳದಲ್ಲಿ ಬೈಕು ಒರೆಸುತ್ತಿದ್ದ. ಅವಳು ದಿನವೂ "ಕಾಕಾ, ಸಾಲಿಗಿ ಬಿಡು" ಅನ್ನುವವಳು. ಇವತ್ತು ಅಜ್ಜಿಯ ಮುಖ ಒಮ್ಮೆ ನೋಡಿ, "ಪಪ್ಪಾ" ಅಂತ ಕೂಗಿದಳು. ಒಂದೇ ಸಲ.

ಅವನು ತಲೆ ಎತ್ತಲಿಲ್ಲ. ಬಟ್ಟೆ ಹಿಡಿದ ಕೈ ನಿಂತಿತು. ಆಮೇಲೆ "ಹೂಂ, ಬಾ" ಅಂದ.

ರೂಮು ಯಾರಿಗೂ ಕೊಡಬೇಡ ಅಂತ ಮೇಲೆ ಬರೆದ ಸಾಲನ್ನು ಹೊಡೆದುಹಾಕಲು ಪೆನ್ನು ತೆಗೆದುಕೊಂಡೆ. ಹೊಡೆದಿಲ್ಲ. 'ನಾವಿಬ್ಬರೂ' ಅನ್ನುವ ಶಬ್ದವನ್ನು ಮಾತ್ರ ಇನ್ನೊಮ್ಮೆ ಓದಿ ನೋಡಿದೆ.