ಬೋರ್ಡಿನ ಮೇಲಿದ್ದ ಕೊನೆಯ ಸಾಲು

ಅಮ್ಮಾ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಲೇಜು ಸೇರಿ ಏಳು ವಾರವಾಯಿತು. ಕ್ಲಾಸಿಗೆ ಹೋಗದೆ ಹನ್ನೊಂದು ದಿನ. ವಾರ್ಡನ್ ನನ್ನನ್ನು ಕೌನ್ಸೆಲರ್ ಹತ್ತಿರ ಕಳಿಸಿದರು. ಅವರು, "ಸಂತೋಷ ಹೊರಗೆಲ್ಲೂ ಸಿಗಲ್ಲಮ್ಮ, ಒಳಗೇ ಇರುತ್ತೆ. ಕಣ್ಣು ಮುಚ್ಚಿ ನೋಡು" ಎಂದರು.

ಸೀರಿಯಸ್ಸಾಗಿಯೇ ನೋಡಿದೆ. ಒಳಗೆ ಕಂಡದ್ದು ನಮ್ಮ ಸ್ಕೂಲ್ ಹಾಸ್ಟೆಲಿನ ಬೋರ್ಡು ಮಾತ್ರ. ಪ್ರತಿ ಭಾನುವಾರ ಮಿಸ್ ಅದರ ಮೇಲೆ ಪತ್ರ ಬರೆಯುತ್ತಿದ್ದರು, ನಾವು ನಲವತ್ತು ಮಕ್ಕಳೂ ಕಾಪಿ ಮಾಡಿ ಮನೆಗೆ ಕಳಿಸುತ್ತಿದ್ದೆವು. ಕೊನೆಯ ಸಾಲು ಯಾವಾಗಲೂ "ನಾನು ಇಲ್ಲಿ ಸಂತೋಷವಾಗಿದ್ದೇನೆ." ಬೇರೇನಾದರೂ ಬರೆದರೆ ಹರಿದುಹಾಕಿ ಮತ್ತೆ ಬರೆಸುತ್ತಿದ್ದರು. ನೀನು ಬಿಸ್ಕತ್ ಡಬ್ಬಿಯಲ್ಲಿ ಜೋಪಾನವಾಗಿಟ್ಟಿರುವುದು ಆ ಪತ್ರಗಳನ್ನೇ.

ಮೊನ್ನೆ ನೀನು, "ಆರು ವರ್ಷದವಳಿದ್ದಾಗಲೇ ಹಾಸ್ಟೆಲಲ್ಲಿ ಖುಷಿಯಾಗಿದ್ದೆ, ಈಗೇನೇ ಬಂತು ನಿಂಗೆ ದೊಡ್ಡ ರೋಗ?" ಎಂದು ಗದರಿದೆ. ಆ ಖುಷಿ ಹೇಗಿತ್ತೋ ನನಗೂ ಗೊತ್ತಿಲ್ಲ, ಅಮ್ಮಾ.

ರಜೆಯ ಫಾರ್ಮ್ ಇದರ ಜೊತೆಗಿದೆ. ಸಹಿ ಹಾಕಿ ಬೇಗ ಕಳಿಸು. ಮನೆಗೆ ಬಂದು ನಿನಗೆ ತೊಂದರೆ ಕೊಡುವುದಿಲ್ಲ. ಅಡುಗೆಮನೆಯಲ್ಲಿ ನಿನ್ನ ಪಕ್ಕ ಸುಮ್ಮನೆ ಕೂತಿರುತ್ತೇನೆ.

ಈ ಪತ್ರವನ್ನು ಯಾರೂ ತಿದ್ದಿಲ್ಲ. ಕೊನೆಯ ಸಾಲನ್ನು ಮರೆತಿದ್ದೇನೆ ಅಂದುಕೊಳ್ಳಬೇಡ.

ನಿನ್ನ ಮಗಳು