ಹಿಂಡಿ ಚೀಲದ ಹಿಂದಿನ ಬಟ್ಟೆ

ಸುಳಕೂಡ, ತಾ. ಕಾಗಲ
೧೯-೧-೧೯೮೪, ಗುರುವಾರ

ಪ್ರೀತಿಯ ಜಿನಗೊಂಡ ಅಣ್ಣನಿಗೆ,

ತಂಗಿ ರತ್ನಮಾಲಾಳ ಜಯ ಜಿನೇಂದ್ರ. ನಿನ್ನ ಕೆಮ್ಮು ಹೇಗಿದೆ? ಮಗ್ಗದ ಅರಳೆ ಧೂಳು ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಇಚಲಕರಂಜಿಯ ಖಾನಾವಳಿಯವನು ಹೊತ್ತು ಮುಳುಗುವುದರೊಳಗೆ ಊಟ ಕೊಡುತ್ತಾನೋ ಎಂದು ಅವ್ವ ದಿನಾ ಕೇಳುತ್ತಿದ್ದಳು. ಎರಡು ದಿನದಿಂದ ಕೇಳಿಲ್ಲ. ಅಂಚೆಗೆ ಹಾಕುವ ಪತ್ರಗಳನ್ನೆಲ್ಲ ಅಪ್ಪ ಓದುವುದರಿಂದ ಇದನ್ನು ನಿನ್ನ ಜೊತೆ ಮಗ್ಗಕ್ಕೆ ಬರುವ ತಾನಾಜಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಲ್ಕನೆಯ ಇಯತ್ತೆಯ ಅಕ್ಷರ, ತಪ್ಪಿದ್ದರೆ ನಗಬೇಡ.

ಕಡಲೆಗೆ ಹುಳ ಬಿದ್ದಾಗ, ನೀನು ಗಡಿಗೆಯಲ್ಲಿ ಹೂತಿಟ್ಟಿದ್ದ ಔಷಧದ ಬಾಟಲಿಯನ್ನು ನಾನು ಹೊರಗೆ ತೆಗೆದೆ. ಹೊತ್ತು ಇಳಿದ ಮೇಲೆ ಹೊಡೆಯಬೇಕು ಎಂದು ನೀನು ಹೇಳಿದ್ದೆ. ನಮ್ಮ ಮನೆಯಲ್ಲಿ ಅದು ಆಗುವ ಮಾತೇ? ದೀಪ ಹಚ್ಚಿದ ಮೇಲೆ ಹೊಲದಲ್ಲಿ ಕಾಲಿಟ್ಟರೆ ಕಾಣದ ಜೀವ ತುಳಿದೀತು ಎನ್ನುತ್ತಾಳೆ ಅವ್ವ. ಅದಕ್ಕೆ ಅಪ್ಪ ಮಟಮಟ ಮಧ್ಯಾಹ್ನ ಹೊಡೆದ. ಎಂಟು ದಿನವಾದರೂ ಹುಳ ಕಾಯಿ ಕೊರೆಯುತ್ತಲೇ ಇದ್ದವು. “ನಿಮ್ಮಣ್ಣನ ಔಷಧ ಕುಡದು ಹುಳಾ ಮೈಕೈ ತುಂಬಿಕೊಂಡಾವ ನೋಡ. ನಾಳೆ ಹೋಗಿ ವಿಷಾ ತರ್ತೀನಿ,” ಎಂದ. ವಿಷ ಹೊಡೆದರೆ ಆ ಹೊಲದ ಕಾಳು ಮುಟ್ಟುವುದಿಲ್ಲ ಎಂದು ಅವ್ವ ಹಟ ಹಿಡಿದಳು. ಅಷ್ಟರಲ್ಲಿ ನಿನ್ನ ಪತ್ರ ಬಂತು. ಬಿಸಿಲಿಗೆ ಔಷಧದ ಶಕ್ತಿ ಹೋಗುತ್ತದೆ, ಹಗಲೇ ಹೊಡೆಯುವುದಾದರೆ ಗಾಣದ ಮನೆಯಲ್ಲಿ ಉಳಿಯುವ ಕಾಕಂಬಿಯನ್ನೂ ಹತ್ತಿಕಾಳಿನ ಹಿಂಡಿಯ ಪುಡಿಯನ್ನೂ ಬೆರೆಸಿರಿ, ಅವು ಔಷಧಕ್ಕೆ ಕೊಡೆ ಹಿಡಿದಂತೆ ಎಂದು ಗಡಹಿಂಗ್ಲಜದ ರೈತ ಶಿಬಿರದಲ್ಲಿ ಕೇಳಿದ್ದನ್ನು ಬರೆದಿದ್ದೆ. ಅವ್ವನಿಗೆ ಎಷ್ಟು ಖುಷಿ! ಎಮ್ಮೆಯ ಪಾಲಿನ ಹಿಂಡಿಯನ್ನು ತಾನೇ ಕುಟ್ಟಿ, ಕಾಕಂಬಿಯಲ್ಲಿ ಕಲಸಿ ಕೊಟ್ಟಳು. “ಹುಳಾ ಓಡಸೂ ಔಷಧ ಅಂದಾನ ನನ್ನ ಮಗ. ಓಡಿ ಹೋಗಿ ಎಲ್ಲ್ಯಾರ ಬದಕ್ಲಿ,” ಎಂದಳು. ಅಪ್ಪ ಅದನ್ನು ಔಷಧಕ್ಕೆ ಬೆರೆಸಿ ಮತ್ತೆ ಹೊಡೆದ.

ಅದಾಗಿ ವಾರಕ್ಕೆ, ಮೊನ್ನೆ ಮಂಗಳವಾರ ಬೆಳಿಗ್ಗೆ ನಾನೂ ಅವ್ವನೂ ಹೊಲಕ್ಕೆ ಹೋದೆವು. ಅಣ್ಣಾ, ಏನಂತ ಬರೆಯಲಿ? ಗಿಡಗಿಡದ ತುದಿಯಲ್ಲಿ ಹುಳಗಳು ತಲೆಕೆಳಗಾಗಿ ಜೋತಾಡುತ್ತಿದ್ದವು. ಮುಟ್ಟಿದರೆ ಒಡೆದು ಕಪ್ಪು ನೀರು. ಸಾಯುತ್ತವೆ ಎಂದು ನನಗೆ ಗೊತ್ತಿತ್ತು, ಹೀಗೆ ಎಂದು ಗೊತ್ತಿರಲಿಲ್ಲ. ಅಪ್ಪ ಬದುವಿನ ಮೇಲೆ ನಿಂತು “ಕಡಲಿ ಪೀಕ ಉಳೀತು!” ಎಂದು ಕೂಗಿದ. ಅವ್ವ ತನ್ನ ಅಂಗೈ ನೋಡಿಕೊಂಡಳು. “ಇವು ಓಡಿಲ್ಲಲ್ಲ ರತನಾ. ನಾನ ಕಲಸಿ ಕೊಟ್ಟೆ,” ಎಂದಳಷ್ಟೇ. ಆಗಿನಿಂದ ತುತ್ತು ಮುಟ್ಟಿಲ್ಲ. ಬರೀ ನೀರು, ಅದೂ ಹೊಸ ಬಟ್ಟೆಯಲ್ಲಿ ಎರಡೆರಡು ಸಲ ಸೋಸಿ. ನೀರು ಸೋಸುವ ಹಳೆಯ ಬಟ್ಟೆ ಬಾವಿಗೆ ಬಿತ್ತೆಂಬ ನನ್ನ ಸುಳ್ಳನ್ನು ನಂಬಿದ್ದಾಳೆ. ದೀಪಾವಳಿ ಮುಗಿದ ಮೇಲೆ ನೀನು, ತೊಗರಿಯಲ್ಲಿ ರೋಗದಿಂದ ಸತ್ತ ಹುಳಗಳನ್ನು ಆರಿಸಿ, ಅದೇ ರೋಗ ಬೇರೆ ಹುಳಗಳಿಗೂ ಹತ್ತಲೆಂದು ಅರೆದು, ಆ ಬಟ್ಟೆಯಲ್ಲೇ ಸೋಸಿ ಬಾಟಲಿ ತುಂಬಿದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಪತ್ರದಲ್ಲಿ ಅದರ ಮಾತೆತ್ತಬೇಡ.

ಎಮ್ಮೆ ಕರು ಹಾಕಿದೆ, ಹಣೆಯ ಮೇಲೆ ಬಿಳಿ ಬೊಟ್ಟು. ಅಪ್ಪನ ಆಶೀರ್ವಾದ.

ನಿನ್ನ ತಂಗಿ,
ರತ್ನಮಾಲಾ

ತಾ. ಕ.: ಪಾಕೀಟು ಅಂಟಿಸುವಷ್ಟರಲ್ಲಿ ಅವ್ವ ಬಂದಳು. ಎಮ್ಮೆಗೆ ಹಿಂಡಿ ತೆಗೆಯಲು ಹೋಗಿದ್ದವಳಿಗೆ ಚೀಲದ ಹಿಂದೆ ನಾನು ತುರುಕಿದ್ದ ಬಟ್ಟೆ ಸಿಕ್ಕಿದೆ. ಸುಟ್ಟುಬಿಡು ಎಂದು ನೀನು ಹೇಳಿದ್ದೆ. ಅವ್ವ ನೀರು ಸೋಸುವ ಬಟ್ಟೆಯನ್ನು ಹೇಗೆ ಸುಡಲಿ? ಕಪ್ಪು ಕಲೆಯನ್ನು ಮೂಸಿ ನೋಡಿದಳು. ನಾನು ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. “ವಿಷಾ ತಂದಿದ್ರ ಹೊಲದಾಗ ಒಂದ ಜೀವಾನೂ ಉಳೀತಿರಲಿಲ್ಲ, ಗೊತ್ತೈತಿ. ಆದರ ಓಡಸೂ ಔಷಧ ಅಂತ ನನಗ ಯಾಕ ಹೇಳಿದಾ? ನನ್ನ ಮುಂದ ಬಂದು ಹೇಳಂತ ಬರಿ. ಅವನ ಬಾಯಿಂದ ಕೇಳಿದ ಮ್ಯಾಲೆ ಉಣ್ತೀನಿ,” ಎಂದಳು. ನಾಳಿನ ಪಾಳಿ ಬಿಟ್ಟು ಬಾ. ಕೊನೆಯ ಬಸ್ಸಿಗೆ ಮಾತ್ರ ಬರಬೇಡ ಅಣ್ಣಾ. ಹೊತ್ತು ಮುಳುಗಿದ ಮೇಲೆ ಬಂದರೆ ಅವ್ವ ನಾಳೆಯೂ ಉಣ್ಣುವುದಿಲ್ಲ.